ಹಾಲಪ್ಪ ಮೇಷ್ಟ್ರು ಕಟ್ಟಿದ ಬಾವುಟ

ಹಾಲಪ್ಪ ಮೇಷ್ಟ್ರು ಮದುವೆಮನೆಯ ಪಂಕ್ತಿಯಲ್ಲೂ ಕೊರಳಿಗೆ ಸೀಟಿ ಹಾಕಿಕೊಂಡೇ ಕೂರುತ್ತಿದ್ದರು ಎನ್ನುವುದನ್ನು ನಾನೇ ಆಮೇಲೆ ಸೇರಿಸಿಕೊಂಡೆನೇನೋ. ಸೀಟಿ ಇದ್ದದ್ದು ನಿಜ. ಹಿತ್ತಾಳೆಯದು, ಕಪ್ಪು ದಾರದ್ದು. ಆದರೆ ಎಲೆಯ ಮೇಲೆ ಬಗ್ಗಿದಾಗ ಅದು ಹೋಳಿಗೆಯ ತುಪ್ಪಕ್ಕೆ ತಾಗುತ್ತಿದ್ದ ಚಿತ್ರ ಎಲ್ಲಿಂದ ಬಂತು? ಅವರ ಪಕ್ಕ ನಾನು ಊಟಕ್ಕೆ ಕೂತ ಒಂದು ಮದುವೆಯೂ ನೆನಪಿಲ್ಲ.

ಅವರು ಅಜ್ಜಂಪುರದ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ನಾನು ಕಡೂರಿನಿಂದ ವಿಜ್ಞಾನ ಕಲಿಸಲು ಹೋಗಿದ್ದ ಹೊಸಬಳು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಡ್ರಿಲ್ ಮೇಷ್ಟ್ರೆಂದರೆ ದೊಡ್ಡ ಗಂಟಲು ಎಂದುಕೊಂಡಿದ್ದೆ. ಇವರು ಮಾತಾಡುತ್ತಲೇ ಇರಲಿಲ್ಲ. ನಿಲ್ಲಿ, ತಿರುಗಿ, ಓಡಿ, ಮನೆಗೆ ಹೋಗಿ ಎಲ್ಲವೂ ಸೀಟಿಯಲ್ಲೇ. ಮಕ್ಕಳಿಗೆ ಅದರ ಅರ್ಥ ತಿಳಿಯುತ್ತಿತ್ತು. ಸ್ಟಾಫ್ ರೂಮಿನಲ್ಲಿ ಏನಾದರೂ ಕೇಳಿದರೆ ತಲೆ ಆಡಿಸುವರು. ಹೌದೆಂದೋ ಅಲ್ಲವೆಂದೋ ನಾವೇ ಅಂದಾಜು ಮಾಡಿಕೊಳ್ಳಬೇಕು.

ಬಾವುಟ ಕಟ್ಟುವ ದಿನ ಮಾತ್ರ ಬಾಯಿ ಬಿಡುತ್ತಿದ್ದರು. ಮೇಜಿನ ಮೇಲೆ ಬಟ್ಟೆ ಹರಡಿ, ಮಡಿಸಿ, ಮಧ್ಯಕ್ಕೆ ಹೂವಿನ ಎಸಳು ಸುರಿದು, ಸುರುಳಿ ಸುತ್ತಿ, ಎಳೆದರೆ ಬಿಚ್ಚಿಕೊಳ್ಳುವ ಜೀರುಗುಣಿಕೆ ಹಾಕುವರು. ನಾನು ಪಕ್ಕದಲ್ಲಿ ನಿಂತು ಎಸಳು ಬಿಡಿಸಿಕೊಡುತ್ತಿದ್ದೆ.

"ಹೂ ಆರಿರ್ಬೇಕು ಕಣಮ್ಮ. ಹಸಿ ಇದ್ರೆ ಬಟ್ಟೆಗೆ ಅಂಟ್ಕತ್ತವೆ. ಮೇಲಿಂದ ಉದುರಲ್ಲ."

ಇನ್ನೊಂದು ಮಾತನ್ನೂ ಹೇಳುತ್ತಿದ್ದರು: "ಗಂಟು ಹಾಕೋದು ಯಾರಿಗಾದ್ರೂ ಬತ್ತದೆ, ಬಿಚ್ಚು ಅಂದಾಗ ಬಿಚ್ಕಬೇಕು." ಇದು ಅವರ ಬದುಕಿಗೆ ತೀರಾ ಸಲೀಸಾಗಿ ಹೊಂದುವ ಮಾತು. ಅದಕ್ಕೇ ಇದನ್ನೂ ನಾನೇ ಸೇರಿಸಿಕೊಂಡೆನೇನೋ ಎಂದು ಅನುಮಾನ.

ಪ್ರತಿ ಜನವರಿಯ ಶಾಲಾ ಪ್ರವಾಸವನ್ನು ಅವರು ಕೆಮ್ಮಣ್ಣುಗುಂಡಿಯ ಹೂದೋಟಕ್ಕೇ ಹಾಕುತ್ತಿದ್ದರು, ಅದೂ ಗಣರಾಜ್ಯ ದಿನಕ್ಕೆ ಸರಿಯಾಗಿ. ಶಾಲೆಯ ಬಾವುಟವನ್ನು ಹಿಂದಿನ ದಿನವೇ ಕಟ್ಟಿಟ್ಟು ಹೊರಡುವರು. ತೋಟದ ಕಚೇರಿ ಮುಂದಿನ ಬಾವುಟವನ್ನೂ ಅವರೇ ಕಟ್ಟುವುದು ರೂಢಿಯಾಗಿತ್ತು.

"ಏನ್ ಹಾಲಪ್ಪನೋರೇ, ಈ ಸಲಾನೂ ಅಲ್ಲಿಗೇನಾ?" ಎಂದು ಹೆಡ್ಮೇಷ್ಟ್ರು ಕೆಣಕಿದ್ದರು. "ಬೇಲೂರು ಹಳೇಬೀಡಲ್ಲಿ ಹೂ ಬಿಡಲ್ವೇನ್ರೀ?"

"ಅಲ್ಲಿ ಕಲ್ಲಲ್ಲಿ ಬಿಟ್ಟೈತೆ ಸಾರ್. ಮಕ್ಳು ಗಿಡದಲ್ಲಿ ಬಿಟ್ಟಿದ್ ನೋಡ್ಲಿ."

ಎಲ್ಲರೂ ನಕ್ಕರು. ಕಾರಣ ಎಲ್ಲರಿಗೂ ಗೊತ್ತಿತ್ತು. ಅವರ ಹೆಂಡತಿ ಗೌರಮ್ಮ ಆ ತೋಟದಲ್ಲಿ ಸಸಿ ನೋಡಿಕೊಳ್ಳುವ ಕೆಲಸಕ್ಕಿದ್ದರು. ಒಂದು ಹಂಗಾಮಿಗೆಂದು ಲಿಂಗದಹಳ್ಳಿಯ ಅಣ್ಣನ ಜೊತೆ ಹೋದವರು ಇಳಿದು ಬಂದಿರಲೇ ಇಲ್ಲ. ಜಗಳವಾಗಿತ್ತೆಂದು ಯಾರೂ ಹೇಳಲಿಲ್ಲ. ಮೇಷ್ಟ್ರಿಗೆ ಆಕೆ ವಾಪಸು ಬರಬೇಕಿತ್ತು. ಅದಕ್ಕೆ ವರ್ಷಕ್ಕೊಮ್ಮೆ ಒಂದು ಬಸ್ಸು ತುಂಬ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರು.

ಹೆಣ್ಣುಮಕ್ಕಳ ಜೊತೆಗೆ ಟೀಚರೊಬ್ಬರು ಬೇಕೆಂದು ಒಂದು ವರ್ಷ ನನ್ನನ್ನು ಹೊರಡಿಸಿದರು. ತರೀಕೆರೆ ದಾಟುವ ಹೊತ್ತಿಗೆ ಮಕ್ಕಳು ಒಂದು ಸೀಟಿಗೆ ಮೂವರಂತೆ ಒತ್ತಿಕೊಂಡು ಕೂತಿದ್ದರು. ಮೇಷ್ಟ್ರ ಪಕ್ಕದ ಜಾಗದಲ್ಲಿ ಮಾತ್ರ ಅವರ ಕೈಚೀಲವಿತ್ತು. ಅಲ್ಲಿ ಒಬ್ಬಳನ್ನು ಕೂರಿಸಲೇ ಎಂದು ಕೇಳಿದೆ.

"ಇರ್ಲಿ ಬಿಡಮ್ಮ. ಬರೋವಾಗ ಬೇಕಾಗ್ಬೋದು."

ಸಂಜೆ ಮಕ್ಕಳು ಗುಲಾಬಿ ಪಾತಿಗಳ ನಡುವೆ ಚೆಲ್ಲಾಪಿಲ್ಲಿಯಾದಾಗ ಗೌರಮ್ಮನೇ ಬಂದು ನನ್ನನ್ನು ಮಾತಾಡಿಸಿದರು. ಅಗಲ ಮುಖ, ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು. ಯಾವ ಗಿಡ ಯಾವಾಗ ಬಿಡುತ್ತದೆ, ಯಾವುದಕ್ಕೆ ಹುಳು ಬಂದಿದೆ ಎಂದೆಲ್ಲ ಹೇಳುತ್ತ ನಡೆದರು. ಮಾತಿಗೆ ತಡೆಯೇ ಇರಲಿಲ್ಲ. ಮೇಷ್ಟ್ರು ದೂರದಲ್ಲಿ ಬೆನ್ನ ಹಿಂದೆ ಕೈಕಟ್ಟಿಕೊಂಡು ಒಂದೇ ಪಾತಿಯನ್ನು ನೋಡುತ್ತ ನಿಂತಿದ್ದರು.

"ಹೋಗಿ ಮಾತಾಡಿಸಬಾರ್ದೇನ್ರೀ?" ಎಂದೆ.

"ನಾನು ಆಡ್ಸಿ ಆಡ್ಸಿ ಸಾಕಾಗಿ ಬಂದೋಳು ಟೀಚರೇ. ಕೆಟ್ಟೋರಲ್ಲ ಅವ್ರು. ಒಂದಿನ ಕೈ ಎತ್ಲಿಲ್ಲ, ಬೈಲಿಲ್ಲ. ಸಾರು ಹೆಂಗೈತ್ರೀ ಅಂದ್ರೆ ತಲೆ ಆಡ್ಸೋರು. ಜ್ವರ ಬಂದೈತೆ ಅಂದ್ರೂ ಅದೇ ತಲೆ. ಆ ಸೀಟಿನಾದ್ರೂ ಊದ್ರೀ ಮನೇಲಿ ಅಂದೆ ಒಂದ್ಸಲ." ಅವರು ನಕ್ಕರು, ನಾನೂ ನಕ್ಕೆ. ಗಿಡದ ಒಂದು ಒಣ ಎಲೆ ಚಿವುಟಿ ಹಾಕಿ ಹೇಳಿದರು, "ಬಾ ಅಂತ ಬಾಯ್ಬಿಟ್ಟು ಒಂದ್ಸಲನೂ ಅಂದಿಲ್ಲ ಕಣ್ರೀ. ವರ್ಸ ವರ್ಸ ಬತ್ತಾರೆ, ಬಾವುಟ ಕಟ್ತಾರೆ, ಹೋಯ್ತಾರೆ."

ನಾನು ಇದನ್ನು ಮೇಷ್ಟ್ರಿಗೆ ಹೇಳಿದೆನೇ? ಹೇಳಿರಬೇಕು. ಇಲ್ಲದಿದ್ದರೆ ಮಾರನೆಯ ಬೆಳಿಗ್ಗೆ ಅವರು ಅಷ್ಟಾದರೂ ಆಡುತ್ತಿರಲಿಲ್ಲ.

ಮಂಜಿತ್ತು. ಕಲ್ಲುಬೆಂಚಿನ ಮೇಲೆ ಬಾವುಟ ಹರಡಿಕೊಂಡು ಅವರು ಕಾಯುತ್ತಿದ್ದರು. ಗೌರಮ್ಮ ಸೆರಗಿನಲ್ಲಿ ಎಸಳು ತುಂಬಿಕೊಂಡು ಬಂದರು. ಪ್ರತಿ ವರ್ಷ ಹೂ ಹಾಕುವುದು ಅವರೇ ಅಂತೆ.

"ಬಸ್ಸು ಊಟ ಮುಗಿಸ್ಕಂಡು ಹೊರಡ್ತದೆ," ಎಂದರು ಮೇಷ್ಟ್ರು, ಬಟ್ಟೆಯನ್ನೇ ನೋಡುತ್ತ. "ಒಂದು ಸೀಟು ಐತೆ."

ಗೌರಮ್ಮ ಕಾದರು. ಇನ್ನೊಂದು ಮಾತಿಗೆ ಕಾದರು ಎಂದು ನನಗನ್ನಿಸಿತು, ಆಗಲೋ ಈಗಲೋ.

"ಹೂ ಹಾಕ್ಲಾ?"

ಮೇಷ್ಟ್ರು ತಲೆ ಆಡಿಸಿದರು. ಆಕೆ ಸೆರಗು ಬಗ್ಗಿಸಿದರು.

ಸಾಲಾಗಿ ನಿಂತೆವು. ತೋಟದ ಸಾಹೇಬರು ಹಗ್ಗ ಎಳೆದರು. ಗಂಟು ಸಲೀಸಾಗಿ ಬಿಚ್ಚಿತು, ಬಾವುಟ ಬಿಡಿಸಿಕೊಂಡಿತು. ಹೂ ಬೀಳಲಿಲ್ಲ. ಮಕ್ಕಳು ಕತ್ತೆತ್ತಿ ಕಾದರು. ಎಸಳುಗಳು ಬಿಳಿ ಪಟ್ಟಿಯ ಮೇಲೆ ಒದ್ದೆಯಾಗಿ ಮೆತ್ತಿಕೊಂಡಿದ್ದವು. ಹಿಂದೆ ಯಾರೋ ಕಿಸಕ್ಕೆಂದರು. ಸಾಹೇಬರು ಹಗ್ಗವನ್ನು ಎರಡು ಸಲ ಅಲ್ಲಾಡಿಸಿ ಬಿಟ್ಟರು. ರಾಷ್ಟ್ರಗೀತೆ ಶುರುವಾಯಿತು. ಕೆಲಸಗಾರರ ಸಾಲಿನಲ್ಲಿದ್ದ ಗೌರಮ್ಮ ಎಲ್ಲರಂತೆ ಮೇಲೆ ನೋಡುತ್ತಿದ್ದರು. ಮೇಷ್ಟ್ರು ನೆಲ ನೋಡುತ್ತಿದ್ದರು.

ಬಿಸಿಲೇರಿದ ಮೇಲೆ ಎಸಳುಗಳು ಒಣಗಿ ಒಂದೊಂದೇ ಉದುರಿದವು ಎಂದು ಬರೆಯುವ ಆಸೆ ನನಗಿದೆ. ನಾನು ನೋಡಲಿಲ್ಲ. ಮಕ್ಕಳಿಗೆ ಚಿತ್ರಾನ್ನ ಬಡಿಸುತ್ತಿದ್ದೆ.

ಬಸ್ಸು ಹೊರಡುವ ಹೊತ್ತಿಗೆ ಮೇಷ್ಟ್ರ ಚೀಲ ಅದೇ ಜಾಗದಲ್ಲಿತ್ತು. ಡ್ರೈವರು ಎರಡು ಸಲ ಹಾರ್ನ್ ಮಾಡಿದ. ಗೌರಮ್ಮ ಸಸಿಗಳ ಚಪ್ಪರದ ಬಾಗಿಲಿಗೆ ಬಂದು ನಿಂತರು, ಕೈಯಲ್ಲಿ ನೀರಿನ ಡಬ್ಬ. ಮೇಷ್ಟ್ರು ಕಿಟಕಿಯಿಂದ ನೋಡಿದರು. ಇಳಿಯಲಿಲ್ಲ. ಘಾಟಿಯ ತಿರುವುಗಳಲ್ಲಿ ಹುಡುಗಿಯೊಬ್ಬಳು ವಾಂತಿ ಮಾಡಿಕೊಂಡಳು. ಆಗ ಅವರು ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

ಮುಂದಿನ ವರ್ಷದ ಪ್ರವಾಸ ಎಲ್ಲಿಗೆ ಎಂಬ ಮಾತು ಬಂದಾಗ "ಬೇಲೂರು" ಎಂದವರು ಅವರೇ. ಯಾರೂ ನಗಲಿಲ್ಲ.

ನನಗೆ ಕಡೂರಿಗೆ ವರ್ಗವಾಯಿತು. ಎಂಬತ್ತರ ದಶಕದ ನಡುವಿನಲ್ಲಿ ಒಂದು ಮಧ್ಯಾಹ್ನ ಅವರು ತರೀಕೆರೆ ಬಸ್ ನಿಲ್ದಾಣದಲ್ಲಿ ಸಿಕ್ಕರು. ನಿವೃತ್ತರಾಗಿದ್ದರು. ಅಮೃತಾಪುರದಲ್ಲಿ ಅಕ್ಕನ ಮಗನ ಮನೆಯಲ್ಲಿ ಇದ್ದೇನೆಂದರು. ಇಬ್ಬರೂ ಕಾಫಿ ಕುಡಿದೆವು. ನಾನು ಏನೂ ಕೇಳಿರಲಿಲ್ಲ. ಲೋಟ ಕೆಳಗಿಟ್ಟು ಅವರೇ ಶುರು ಮಾಡಿದರು.

"ಅವತ್ತು ಹೂ ಹಸಿ ಇದ್ದಿದ್ದು ನಂಗೊತ್ತಿತ್ತಮ್ಮ. ಸುತ್ತೋವಾಗ್ಲೇ ಕೈಗೆ ತಿಳೀತು."

"ಮತ್ತೆ ಯಾಕೆ ಕಟ್ಟಿದ್ರಿ ಸಾರ್?"

"ಅವ್ಳು ಹಾಕಿದ್ದು. ತೆಗಿ ಅಂತ ಹೆಂಗೆ ಹೇಳ್ಲಿ?"

"ಬಾ ಅಂತಾದ್ರೂ ಹೇಳ್ಬೋದಿತ್ತಲ್ಲ."

ಅವರು ತಲೆ ಆಡಿಸಿದರು. ಅಷ್ಟು ವರ್ಷವಾದರೂ ಅದನ್ನು ಓದಲು ನನಗೆ ಬರಲಿಲ್ಲ.

ಸಸಿಗಳ ನಡುವೆಯೇ ಬದುಕುತ್ತಿದ್ದ ಹೆಂಗಸಿಗೆ ಒದ್ದೆ ಎಸಳು ಉದುರುವುದಿಲ್ಲ ಎಂದು ತಿಳಿದಿರಲಿಲ್ಲವೇ? ಬೇಕೆಂದೇ ಹಾಕಿದರೇ? ಬೇಡ, ಒಣಗಿದ್ದು ತಾ ಎಂದು ಮೇಷ್ಟ್ರ ಬಾಯಿಂದ ಒಂದು ಮಾತು ಹೊರಡಿಸಲು ನೋಡಿದರೇ? ಅಥವಾ ಮಂಜಿನ ಬೆಳಿಗ್ಗೆ ಕಿತ್ತ ಹೂ, ಅಷ್ಟೆಯೋ?

ಹೊರಗೆ ಎರಡು ಬಸ್ಸು ಪಕ್ಕಪಕ್ಕ ನಿಂತಿದ್ದವು, ಒಂದು ಅಮೃತಾಪುರಕ್ಕೆ, ಒಂದು ಕೆಮ್ಮಣ್ಣುಗುಂಡಿಯ ದಾರಿಯ ಲಿಂಗದಹಳ್ಳಿಗೆ. "ಬತ್ತೀನಿ ಕಣಮ್ಮ," ಎಂದು ಅವರು ಅವುಗಳ ನಡುವಿನ ಜನದೊಳಕ್ಕೆ ಹೋದರು. ನನ್ನ ಬಸ್ಸೂ ಬಂತು, ನಾನು ಓಡಿದೆ. ಅವರು ಯಾವುದನ್ನು ಹತ್ತಿದರೋ ನನಗೆ ಗೊತ್ತಿಲ್ಲ.