ಗುಳಿಗೆ ಬಿಟ್ಟ ಮೇಲೆ ನೆನಪಾದ ಸಾಬಣ್ಣ

ಹೋದ ವಾರ ಮನೆಯ ಔಷಧಿ ಡಬ್ಬಿ ಸ್ವಚ್ಛ ಮಾಡುವಾಗ ಅರ್ಧ ಖಾಲಿಯಾದ ಒಂದು ಗುಳಿಗೆ ಪಟ್ಟಿ ಸಿಕ್ಕಿತು. ಒಣಗಿದ ಮುಲಾಮು, ತಾರೀಖು ಮುಗಿದ ಕೆಮ್ಮಿನ ಔಷಧಿ, ಯಾರದೋ ಹಳೆಯ ಕನ್ನಡಕದ ಒಂದು ಕಾಲು, ಇವೆಲ್ಲದರ ಅಡಿಯಲ್ಲಿ ಮಡಚಿಕೊಂಡು ಬಿದ್ದಿತ್ತು. ನನ್ನ ಹೆಂಡತಿ ಶಾಂತಾ ಅದನ್ನು ಬೆಳಕಿಗೆ ಹಿಡಿದು ನೋಡಿ, “ಇದು ನಿಮ್ಮ ತಲಿ ಗುಳಗಿ ಅಲ್ಲೇನ್ರಿ? ಇನ್ನೂ ಇಟ್ಕೊಂಡ್ ಕುಂತೀರಿ?” ಎಂದಳು. ಇಟ್ಟುಕೊಂಡಿರಲಿಲ್ಲ, ಮರೆತಿದ್ದೆ. ನನ್ನ ಮಟ್ಟಿಗೆ ಅವೆರಡೂ ಒಂದೇ ಎಂದು ಅವಳಿಗೆ ಗೊತ್ತು. ಮುಂದಿನ ಸಲ ಹೋದಾಗ ಆಸ್ಪತ್ರೆಗೆ ವಾಪಸ್ ಕೊಡಬೇಕೆಂದು ಚೀಲದೊಳಗೆ ಹಾಕಿದೆ. ಆದರೆ ಅದನ್ನು ನೋಡಿದ ಮೇಲೆ ಮನಸ್ಸು ಬೇರೆ ಕೆಲಸಕ್ಕೆ ಹೋಗಲಿಲ್ಲ. ನಿಮಗೆ ಹೇಳಿಕೊಳ್ಳೋಣ ಎಂದು ಕುಳಿತಿದ್ದೇನೆ.

ತಲೆ ಗುಳಿಗೆ ಎಂದರೆ ಗಾಬರಿಯಾಗಬೇಡಿ. ನನಗೆ ಐವತ್ತಮೂರು ತುಂಬಿದ ಮೇಲೆ ಕಲಬುರಗಿಯ ಒಬ್ಬ ಡಾಕ್ಟರಮ್ಮ, ನನಗಿರುವುದು ಎಡಿಎಚ್‌ಡಿ ಎಂದರು. ಗಮನ ಒಂದು ಕಡೆ ನಿಲ್ಲದ ತೊಂದರೆ. ಅದು ಚಿಕ್ಕ ಮಕ್ಕಳಿಗೆ ಬರುವುದೆಂದು ನಾನು ಕೇಳಿದ್ದೆ. “ಸಣ್ಣವರಿದ್ದಾಗಿಂದ ನಿಮಗ ಇದ್ದೇ ಇತ್ರಿ, ಯಾರೂ ನೋಡಿಲ್ಲ ಅಷ್ಟೇ,” ಎಂದರು ಅವರು. ಅವರ ಬಳಿ ನನ್ನನ್ನು ಎಳೆದುಕೊಂಡು ಹೋದವಳು ಅಕ್ಕನ ಮಗಳು ಸುನಂದಾ. ಅಲ್ಲೇ ಆಸ್ಪತ್ರೆಯಲ್ಲಿ ನರ್ಸ್. ಒಮ್ಮೆ ನಾನು ಶಾಂತಾಳ ತಮ್ಮನನ್ನು ಕರೆತರಲು ಶಹಾಪುರದ ಬಸ್ ನಿಲ್ದಾಣಕ್ಕೆ ಹೋಗಿ, ಒಂದು ಬುಟ್ಟಿ ಸೀತಾಫಲ ಹೊತ್ತುಕೊಂಡು ಒಬ್ಬನೇ ಮನೆಗೆ ಬಂದಿದ್ದೆ. ಭಾವಮೈದುನ ಅಲ್ಲೇ ಎರಡು ತಾಸು ಕೂತಿದ್ದ. ಮನೆಯವರೆಲ್ಲ ನಕ್ಕರು. ಸುನಂದಾ ಮಾತ್ರ ನಗಲಿಲ್ಲ.

ಗುಳಿಗೆ ನುಂಗಿದ ಮೊದಲ ದಿನವನ್ನು ನಾನು ಮರೆಯಲಾರೆ. ಐವತ್ತಮೂರು ವರ್ಷ ಹತ್ತು ಮಂದಿ ಒಟ್ಟಿಗೆ ಮಾತಾಡುತ್ತಿದ್ದ ಕೋಣೆಯಿಂದ ಒಂಬತ್ತು ಮಂದಿ ಎದ್ದು ಹೊರಗೆ ಹೋದ ಹಾಗಾಯಿತು. ಕಚೇರಿಯಲ್ಲಿ ಒಂದು ಕಡತವನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓದಿದೆ. ಗುಮಾಸ್ತನಾಗಿ ಮೂವತ್ತು ವರ್ಷದ ಹತ್ತಿರ ಕೆಲಸ ಮಾಡಿದವನು ಹೇಳುವ ಮಾತೇ ಇದು ಎಂದು ನೀವು ನಗಬಹುದು. ನಾನು ಮುಖ ತೊಳೆಯುವ ನೆಪದಲ್ಲಿ ನಲ್ಲಿಯ ಮುಂದೆ ನಿಂತು ಅತ್ತೆ.

ಆದರೆ ಎರಡನೇ ವಾರಕ್ಕೇ ಎದೆ ಡವಡವ ಹೊಡೆದುಕೊಳ್ಳತೊಡಗಿತು. ರಕ್ತದೊತ್ತಡ ಏರಿತು. ಪ್ರತಿದಿನ ಅಳತೆ ನೋಡಿ ಪುಸ್ತಕದಲ್ಲಿ ಬರೆಯಬೇಕೆಂದು ಡಾಕ್ಟರಮ್ಮ ಹೇಳಿದ್ದರು. ನಾನು ಬರೆಯುತ್ತಿದ್ದೆ, ಆದರೆ ಇದ್ದದ್ದಕ್ಕಿಂತ ಕಡಿಮೆ ಬರೆಯುತ್ತಿದ್ದೆ. ನಿಜ ಹೇಳಿದರೆ ಗುಳಿಗೆ ನಿಲ್ಲಿಸುತ್ತಾರೆಂಬ ಭಯ. ಆ ಒಂಬತ್ತು ಮಂದಿ ಮತ್ತೆ ಒಳಗೆ ಬಂದು ಕೂರುವುದು ನನಗೆ ಬೇಡವಾಗಿತ್ತು. ತಿಂಗಳ ತಪಾಸಣೆಯಲ್ಲಿ ಡಾಕ್ಟರಮ್ಮನ ಯಂತ್ರ ಒಂದು ಹೇಳಿತು, ನನ್ನ ಪುಸ್ತಕ ಒಂದು ಹೇಳಿತು. ಅವರು ಎರಡನ್ನೂ ನೋಡಿ, “ಸುಳ್ಳು ಯಾಕ ಬರದ್ರಿ? ಇದರಾಗ ನನಗೇನು ಲುಕ್ಸಾನ ಅದ?” ಎಂದರು. ಪಕ್ಕದಲ್ಲಿ ನಿಂತಿದ್ದ ಸುನಂದಾ ನೆಲ ನೋಡಿದಳು. ಸುಳ್ಳು ಬರೆಯುವುದು ನನ್ನ ಕೈಗೆ ಹೊಸದಲ್ಲ ಎಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಗುಳಿಗೆ ನಿಂತಿತು. ಬೇರೆ ಬಗೆಯ ಔಷಧಿಯೂ ಇದೆ, ಅದು ನಿಧಾನ, ಮೊದಲು ರಕ್ತದೊತ್ತಡ ಇಳಿಯಲಿ ಎಂದರು. ಅಲ್ಲಿಯವರೆಗೆ ದಿನವನ್ನೇ ಬೇರೆ ಥರ ಕಟ್ಟಿಕೊಳ್ಳಬೇಕು. ಬೆಳಿಗ್ಗೆ ನಡೆಯಬೇಕು, ಹೊತ್ತಿಗೆ ಸರಿಯಾಗಿ ಮಲಗಬೇಕು, ಒಂದು ಹಾಳೆಯಲ್ಲಿ ಒಂದೇ ಕೆಲಸ ಬರೆದುಕೊಳ್ಳಬೇಕು.

ಇದು ಕಿವಿಗೆ ಬೀಳುತ್ತಲೇ ಮನೆಯವರೆಲ್ಲ ವೈದ್ಯರಾದರು. ಅಕ್ಕ ಒಂದೆಲಗದ ಚಟ್ನಿ ಕಳಿಸಿದಳು. ಶಾಂತಾ ಬಾದಾಮಿ ನೆನೆಹಾಕಿದಳು. ಪಕ್ಕದ ಮನೆಯ ಮೇಷ್ಟ್ರು ಮೂಗು ಹಿಡಿದು ಉಸಿರು ಎಣಿಸುವುದನ್ನು ಹೇಳಿಕೊಟ್ಟರು. ನಾನು ಏಳರವರೆಗೆ ಎಣಿಸಿ, ಅವರ ಗೋಡೆಯ ಮೇಲಿನ ಗುಬ್ಬಿ ಹುಲ್ಲು ಎಲ್ಲಿಂದ ತರುತ್ತಿದೆಯೆಂದು ನೋಡಲು ಎದ್ದುಹೋಗಿದ್ದೆ. ಗೋಡೆಯ ತುಂಬ ಚೀಟಿ ಅಂಟಿಸಿದೆ. ಮೂರು ದಿನಕ್ಕೆ ಅವು ಗೋಡೆಯ ಬಣ್ಣವೇ ಆಗಿ ಕಣ್ಣಿಗೆ ಬೀಳುವುದನ್ನು ಬಿಟ್ಟವು. ಮೊಬೈಲಿನಲ್ಲಿ ಗಂಟೆ ಇಟ್ಟರೆ, ಅದನ್ನು ಆರಿಸಿ, ಯಾಕೆ ಹೊಡೆಯಿತೆಂದು ಯೋಚಿಸುತ್ತ ಕೂರುತ್ತಿದ್ದೆ.

ಹಿಡಿತಕ್ಕೆ ಬಂದದ್ದು ಎರಡೇ. ಒಂದು, ಬೆಳಗಿನ ನಡಿಗೆ. ಇನ್ನೊಂದನ್ನು ಡಾಕ್ಟರಮ್ಮ ಕೊನೆಯಲ್ಲಿ, ಬಾಗಿಲವರೆಗೆ ಬಂದ ಮೇಲೆ ಹೇಳಿದರು. “ಬರಿಯೂ ಕೆಲಸ ಇದ್ದಾಗ ಯಾರನ್ನರ ಬಾಜೂಕ ಕುಂಡ್ರಿಸಿಕೊಳ್ರಿ. ಅವರು ಮಾತಾಡೂದು ಬ್ಯಾಡ, ಸಹಾಯನೂ ಮಾಡೂದು ಬ್ಯಾಡ. ಸುಮ್ಮ ಇರಲಿ.” ಇದೆಂಥ ಮದ್ದು ಎಂದುಕೊಂಡೆ. ಆದರೂ ಒಂದು ಸಂಜೆ ವಿಮೆಯ ಅರ್ಜಿ ತುಂಬುವಾಗ ಶಾಂತಾಳನ್ನು ಕರೆದೆ. ಅವಳು ಮೊರದಲ್ಲಿ ಜೋಳ ಹಾಕಿಕೊಂಡು ಪಕ್ಕದಲ್ಲಿ ಕುಳಿತು ಕಲ್ಲು ಆರಿಸತೊಡಗಿದಳು. ಮೊರದ ಸಪ್ಪಳ, ಆಗೊಮ್ಮೆ ಈಗೊಮ್ಮೆ ಬಳೆಯ ಸಪ್ಪಳ. ನಾನು ಅರ್ಜಿಯನ್ನು ಕೊನೆಯ ಸಹಿಯವರೆಗೆ ಎದ್ದೇಳದೆ ತುಂಬಿದೆ. ತುಂಬಿದ ಮೇಲೆ ಪೆನ್ನು ಕೆಳಗಿಟ್ಟೆ. ಇದೇ ಮದ್ದನ್ನು ಮೂವತ್ತು ವರ್ಷದ ಹಿಂದೆ ಒಬ್ಬ ಮನುಷ್ಯ ನನಗೆ ಪುಕ್ಕಟೆಯಾಗಿ ಕೊಟ್ಟಿದ್ದ. ಅವನ ಹೆಸರು ಸಾಬಣ್ಣ.

ಆಗ ನಮ್ಮ ಕಡೆಯ ಹೊಲಗಳಿಗೆ ಕಾಲುವೆಯ ನೀರು ಬಂದು ಕೆಲವೇ ವರ್ಷಗಳಾಗಿದ್ದವು. ನಾನು ಶಹಾಪುರದಿಂದ ಸ್ವಲ್ಪ ದೂರದ ಒಂದು ಸಣ್ಣ ಕಾಲುವೆ ಕಚೇರಿಯಲ್ಲಿ ಹೊಸ ಗುಮಾಸ್ತ. ಬರುವ ಕಾಗದ ಬರೆದಿಡಲು ಆವಕ ಪುಸ್ತಕ, ಹೋಗುವ ಕಾಗದ ಬರೆದಿಡಲು ಜಾವಕ ಪುಸ್ತಕ; ಎರಡೂ ನನ್ನ ಸುಪರ್ದಿಯಲ್ಲಿ. ಸಾಬಣ್ಣ ಉಪಕಾಲುವೆಯ ಗೇಟು ಏರಿಸಿ ಇಳಿಸುವವನು, ದಿನಗೂಲಿಯ ಮೇಲೆ. ನನಗಿಂತ ಎಂಟು ಹತ್ತು ವರ್ಷ ದೊಡ್ಡವನು. ನೀರಿನ ಮಟ್ಟ ಹೇಳಲು ದಿನಾ ಕಚೇರಿಗೆ ಬರುತ್ತಿದ್ದ. ನಾನು ಒಂದು ಕಾಗದ ಅರ್ಧ ಬರೆದು ಇನ್ನೊಂದನ್ನು ಎತ್ತಿಕೊಂಡು, ಅದನ್ನೂ ಬಿಟ್ಟು ಕಿಟಕಿಯಾಚೆ ನೋಡುವುದನ್ನು ಅವನು ಕೆಲವು ದಿನ ನೋಡಿದ. ಒಂದು ದಿನ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕುಳಿತು, “ನೀವು ಬರೀರಿ ಸಾಹೇಬ್ರ. ಬರದು ಮುಗಿಯೂತನಕ ನಾ ಇಲ್ಲೇ ಕುಂತಿರ್ತೀನಿ,” ಎಂದ. ಅಂದು ಎಲ್ಲ ಕಾಗದ ಮುಗಿದವು. ಆಮೇಲೆ ಅದು ರೂಢಿಯಾಯಿತು. ಅವನಿಗೆ ಅದರಿಂದ ಏನೂ ಸಿಗುತ್ತಿರಲಿಲ್ಲ. ನಾನು ಅವನನ್ನು ‘ನೀನು’ ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ಇಂಜಿನಿಯರ್ ಸಾಹೇಬರು ಒಂದು ಚೀಟಿ ಬರೆದುಕೊಟ್ಟರು. ದಂಡೆಯಲ್ಲಿ ಒಂದು ಕಡೆ ಬಿರುಕು ಕಾಣಿಸಿದೆ, ಇವತ್ತೇ ಗೇಟು ಅರ್ಧ ಇಳಿಸಬೇಕು. “ನೀನೇ ಹೋಗಿ ಸಾಬಣ್ಣಗ ಓದಿ ಹೇಳಿ ಅವನ ಕೈಯಾಗ ಕೊಡು,” ಎಂದರು. ಸೈಕಲ್ ಹತ್ತಿದೆ. ದಾರಿಯಲ್ಲಿ ಒಬ್ಬರು ಹಿಟ್ಟಿನ ಗಿರಣಿಗೆ ಹೊಸ ಡೀಸೆಲ್ ಇಂಜಿನ್ ಕೂರಿಸುತ್ತಿದ್ದರು. ಒಂದು ನಿಮಿಷ ನೋಡೋಣವೆಂದು ಕಾಲು ಊರಿದೆ. ಯಾವ ಬೋಲ್ಟು ಎಲ್ಲಿ ಕೂರಬೇಕೆಂದು ಅವರಿಗಿಂತ ಮೊದಲು ನನಗೆ ಹೊಳೆಯಿತು. ಸಂಜೆ ಇಂಜಿನ್ ಗುಡುಗುಡು ಎಂದಾಗ ಎಲ್ಲರೂ ನನ್ನ ಬೆನ್ನು ತಟ್ಟಿದರು. ಕೈಯ ಎಣ್ಣೆ ಒರೆಸಿಕೊಂಡು, ಬಹಳ ಸಂತೋಷದಿಂದ ಸೀದಾ ಮನೆಗೆ ಹೋದೆ. ಚೀಟಿ ಅಂಗಿಯ ಜೇಬಿನಲ್ಲೇ ಇತ್ತು.

ಮರುದಿನ ದಂಡೆ ಒಡೆಯಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಕೀಳಲು ಬಂದಿದ್ದ ಶೇಂಗಾ ಹೊಲವೊಂದು ಉಸುಕಿನಡಿ ಹೋಯಿತು, ಎರಡು ಮನೆಗಳ ಮಣ್ಣಿನ ಗೋಡೆಗಳು ಕುಸಿದವು. ಸುದ್ದಿ ಕೇಳಿದಾಗ ನನ್ನ ಕೈ ಜೇಬಿಗೆ ಹೋಯಿತು. ಸಾಹೇಬರು ಇನ್ನೂ ಒಡೆದ ಜಾಗದಲ್ಲೇ ಇದ್ದರು. ಕಚೇರಿಯಲ್ಲಿ ನಾನೊಬ್ಬನೇ. ಜಾವಕ ಪುಸ್ತಕ ತೆಗೆದು, ಹಿಂದಿನ ದಿನದ ತಾರೀಖಿನಡಿ ಒಂದು ಸಾಲು ಬರೆದೆ: ಚೀಟಿಯನ್ನು ಗೇಟಿನ ಸಾಬಣ್ಣನ ಕೈಗೆ ಕೊಡಲಾಗಿದೆ. ಆ ಸಾಲು ಬರೆಯುವಾಗ ನನ್ನ ಗಮನ ಒಂದಿಷ್ಟೂ ಅತ್ತಿತ್ತ ಹೋಗಲಿಲ್ಲ.

ವಿಚಾರಣೆಯಲ್ಲಿ ಸಾಹೇಬರು ಕೇಳಿದರು. “ಕೊಟ್ಟಿದ್ದೆ ಸರ್,” ಎಂದೆ. ಸಾಬಣ್ಣ ನನ್ನ ಕಡೆ ತಿರುಗಿ ನೋಡಿದ. “ನನಗ ಯಾವ ಚೀಟೀನೂ ಬಂದಿಲ್ರಿ,” ಎಂದು ಒಮ್ಮೆ ಹೇಳಿದ. ಪುಸ್ತಕ ತೋರಿಸಿದರು. ಅವನಿಗೆ ಓದಲು ಬರುತ್ತಿರಲಿಲ್ಲ. ನಾಳೆಯಿಂದ ಬರಬೇಡ ಎಂದರು. ನಾನು ಕೆಲವು ತಿಂಗಳಲ್ಲಿ ಬೇರೆ ಇಲಾಖೆಗೆ ವರ್ಗ ಮಾಡಿಸಿಕೊಂಡೆ.

ಈಗ ನನ್ನ ಕಾಯಿಲೆಗೆ ಒಂದು ಹೆಸರು ಸಿಕ್ಕಿತ್ತಲ್ಲ, ಅದು ಸಿಕ್ಕಾಗ ನಾನು ಮೊದಲು ಮಾಡಿದ ಕೆಲಸ ಏನೆಂದು ಹೇಳಲು ನಾಚಿಕೆಯಾಗುತ್ತದೆ. ನನ್ನನ್ನು ನಾನೇ ಬಿಡುಗಡೆ ಮಾಡಿಕೊಂಡಿದ್ದೆ. ಅಂದು ತಪ್ಪು ಮಾಡಿದ್ದು ನಾನಲ್ಲ, ನನ್ನ ರೋಗ ಎಂದು. ಶಾಂತಾಳ ಮೊರದ ಸಪ್ಪಳ ಆ ಬಿಡುಗಡೆಯನ್ನು ಕಿತ್ತುಕೊಂಡಿತು. ಅವಳಿಗೆ ಎಲ್ಲ ಹೇಳಿದೆ. ಅವಳು ಮೊರ ಪಕ್ಕಕ್ಕಿಟ್ಟು, “ಇಷ್ಟು ವರ್ಷ ನನ್ನ ಸಂಗಾಟ ಉಂಡ್ರಿ, ಮಲಗಿದ್ರಿ, ಇದೊಂದು ಹೇಳಲಿಲ್ಲ?” ಎಂದಳು. ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು. ಮೂರನೆಯ ದಿನ, “ಹೋಗಿ ಬರ್ರಿ,” ಎಂದಳು.

ಸಾಬಣ್ಣನ ಊರು ಶಹಾಪುರದ ಹತ್ತಿರದ ಗೋಗಿ ದಾಟಿ ಒಳಗೆ. ಹೋಟೆಲಿನಲ್ಲಿ ಅವನ ಮನೆ ಕೇಳಿದೆ. ಹೋಟೆಲಿನವನು, “ಯಾವ ಸಾಬಣ್ಣರಿ? ನಿದ್ದಿ ಸಾಬಣ್ಣನ?” ಎಂದ. ನನಗೆ ತಿಳಿಯಲಿಲ್ಲ. “ಮೊದಲ ಕಾಲುವಿ ಗೇಟಿನ್ಯಾಗ ಇದ್ದ. ನಿದ್ದಿ ಹೊಡದು ದಂಡಿ ಒಡಿಸ್ಯಾನ, ಅದಕ್ಕ ಹಂಗ ಅಂತಾರ,” ಎಂದು ನಗುತ್ತ ವಿವರಿಸಿದ. ಅಷ್ಟು ವರ್ಷ ಆ ಮನುಷ್ಯ ಆ ಹೆಸರಿಗೆ ಓಗೊಟ್ಟಿದ್ದ. ನನಗೆ ಅಲ್ಲಿಂದಲೇ ತಿರುಗಿ ಹೋಗಬೇಕೆನಿಸಿತು. ತಿರುಗಿಯೂ ಇದ್ದೆ, ನಾಲ್ಕು ಹೆಜ್ಜೆ.

ಸಾಬಣ್ಣ ಮನೆಯ ಮುಂದಿನ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನೋಡಿದ ಕೂಡಲೇ ಗುರುತಿಸಿ, “ಬರ್ರಿ ಸಾಹೇಬ್ರ,” ಎಂದು ಜರುಗಿ ಜಾಗ ಕೊಟ್ಟ. ಮೊದಲ ಸಲ ಅವರನ್ನು ‘ನೀವು’ ಎಂದು ಕರೆದೆ. ಗಿರಣಿಯ ಇಂಜಿನ್, ಜೇಬು, ಜಾವಕ ಪುಸ್ತಕ, ಎಲ್ಲ ಹೇಳಿದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನನ್ನ ತಲೆಯ ತೊಂದರೆಯ ಹೆಸರು, ಡಾಕ್ಟರಮ್ಮ, ಗುಳಿಗೆ ಎಲ್ಲವನ್ನೂ ಅವರ ಮುಂದೆ ಹರವಿದೆ. ಅವರು ಹಗ್ಗ ಹೊಸೆಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು.

“ಮರತದ್ದು ರೋಗ ಇರಬೌದ್ರಿ,” ಎಂದರು ಕೊನೆಗೆ. “ನಿಮ್ಮ ತಲಿ ಹಂಗ ಅದ ಅಂತ ನನಗ ಆವಾಗೇ ಗೊತ್ತಿತ್ತು. ಅದಕ್ಕೇ ಬಂದು ಕುಂಡ್ರತಿದ್ದೆ. ಪುಸ್ತಕದಾಗ ಬರದ್ರಲ್ಲ, ಅದು ಯಾವ ರೋಗರಿ?”

ನಾನು ತಲೆ ತಗ್ಗಿಸಿದೆ. ತಪ್ಪಾಯಿತು ಎಂದೆ.

“ನನಗ ಹೇಳಿದ್ರ ಏನಾತು? ನಾ ಮಲಗಿರಲಿಲ್ಲ ಅನ್ನೂದು ನನಗ ಗೊತ್ತೇ ಅದ. ಊರಾಗ ಹೇಳ್ರಿ.”

ಹೋಟೆಲಿಗೆ ಬಂದೆವು. ಆರೇಳು ಮಂದಿ ಚಹಾ ಕುಡಿಯುತ್ತಿದ್ದರು. ನಿಂತುಕೊಂಡೇ ಹೇಳಿದೆ. ಈ ಸಲ ರೋಗದ ಹೆಸರು ಎತ್ತಲಿಲ್ಲ. ಹೋಟೆಲಿನವನು ಒಲೆ ಸಣ್ಣ ಮಾಡಿದ. ಮೂಲೆಯಲ್ಲಿದ್ದ ಒಬ್ಬ ಮುದುಕರು ಎದ್ದರು. “ಆ ಶೇಂಗಾ ಹೊಲ ನಂದ್ರಿ,” ಎಂದರು. “ಇಂವಗ ಆ ಹೆಸರು ಇಟ್ಟಾಂವ ನಾನೇ.” ಸಾಬಣ್ಣನವರನ್ನು ಒಮ್ಮೆ ನೋಡಿದರು, ಚಹಾ ಅರ್ಧಕ್ಕೇ ಬಿಟ್ಟು ಹೊರಗೆ ಹೋದರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಾಬಣ್ಣನವರು ಕ್ಷಮಿಸಿದೆ ಎನ್ನಲಿಲ್ಲ. “ಬಸ್ಸಿನ ಹೊತ್ತಾತು,” ಎಂದರು.

ಬಂದ ಮೇಲೆ, ಆ ಪುಸ್ತಕದ ಸಾಲು ಸುಳ್ಳೆಂದು ಹಳೆಯ ಇಲಾಖೆಗೆ ಒಂದು ಪತ್ರ ಬರೆದೆ. ನಿವೃತ್ತಿಗೆ ಆರೇಳು ವರ್ಷ ಉಳಿದವನು ಹೀಗೆ ಬರೆದುಕೊಟ್ಟರೆ ಕೆಲಸಕ್ಕೆ, ಪಿಂಚಣಿಗೆ ಏನಾಗಬಹುದೆಂದು ಶಾಂತಾಳಿಗೂ ಗೊತ್ತಿತ್ತು. ಆದರೂ ಮೂರು ಸಂಜೆ ಪಕ್ಕದಲ್ಲಿ ಕುಳಿತಳು, ಒಂದೂ ಮಾತಾಡದೆ. ಉತ್ತರ ಇನ್ನೂ ಬಂದಿಲ್ಲ. ಡಾಕ್ಟರಮ್ಮನಿಗೆ ತೋರಿಸುವ ಪುಸ್ತಕದಲ್ಲಿ ಈಗ ಯಂತ್ರ ಹೇಳಿದ್ದನ್ನೇ ಬರೆಯುತ್ತಿದ್ದೇನೆ. ರಕ್ತದೊತ್ತಡ ಇಳಿದಿದೆ, ಇನ್ನೊಂದು ಬಗೆಯ ಔಷಧಿಯ ಮಾತು ನಡೆದಿದೆ. ಮರೆವು ಹೋಗಿಲ್ಲ. ನಿನ್ನೆಯಷ್ಟೇ ಒಲೆಯ ಮೇಲಿನ ಹಾಲು ಉಕ್ಕಿಸಿದೆ.

ಈ ಭಾನುವಾರ ಮತ್ತೆ ಆ ಊರಿಗೆ ಹೊರಟೆ. ಗೋಗಿಯಲ್ಲಿ ಆಟೋ ಹತ್ತಿ, ಸಾಬಣ್ಣನವರ ಮನೆಯ ಹತ್ತಿರ ಇಳಿಸಪ್ಪ ಎಂದೆ. ಚಾಲಕ ಹಿಂದೆ ತಿರುಗಿ, “ನಿದ್ದಿ ಸಾಬಣ್ಣನ ಮನಿ ಏನ್ರಿ?” ಎಂದ.

“ಅಲ್ಲ,” ಎಂದೆ.

ಆಟೋದಲ್ಲಿ ಇನ್ನೂ ನಾಲ್ಕು ಮಂದಿ ಒತ್ತೊತ್ತಾಗಿ ಕುಳಿತಿದ್ದರು. ಎಲ್ಲರಿಗೂ ಕೇಳುವ ಹಾಗೆ ದನಿ ಎತ್ತಿ, ಮೊದಲಿನಿಂದ ಹೇಳತೊಡಗಿದೆ.