ಬಾಗಿಲು ತೆಗೆದವನ ಪಾತ್ರ

ಕೋವಿಡ್ ಮುಗಿದು ಕಾಲೇಜುಗಳು ಮತ್ತೆ ನೆಟ್ಟಗೆ ನಡೆಯತೊಡಗಿದ ವರ್ಷ ಅದು. ನಾನಾಗ ಕೊರಟಗೆರೆಯ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಸಹಾಯಕ ಪ್ರಾಧ್ಯಾಪಕ. ಮನೆ ಮಧುಗಿರಿಯಲ್ಲಿ, ಓಡಾಟ ಬಸ್ಸಿನಲ್ಲಿ. ಹೊರಡುವ ಮುಂಚೆ ಬಾಗಿಲಿನ ಬೀಗ ಜಗ್ಗಿ ನೋಡುವುದು, ಬಸ್‌ಸ್ಟ್ಯಾಂಡಿನಿಂದ ವಾಪಸ್ಸು ಬಂದು ಇನ್ನೊಮ್ಮೆ ಜಗ್ಗುವುದು ನನ್ನ ನಿತ್ಯಕರ್ಮ. ಆ ಬೀಗ ಸವೆದಿರುವುದು ಕೀಲಿಕೈಯಿಂದಲ್ಲ, ನಿಮ್ಮ ಅನುಮಾನದಿಂದ ಎನ್ನುತ್ತಾಳೆ ಹೆಂಡತಿ. ಇಂಥವನಿಗೆ ಆ ಸೆಮಿಸ್ಟರಿನಲ್ಲಿ ಪಾಠಕ್ಕೆ ಬಂದ ವಿಷಯ ‘ಸಾಹಿತ್ಯದಲ್ಲಿ ಹೇಡಿತನ ಮತ್ತು ಧೈರ್ಯ’. ಮೊದಲನೆಯದಕ್ಕೆ ನನಗೆ ಪರಾಮರ್ಶನ ಗ್ರಂಥ ಬೇಕಿರಲಿಲ್ಲ.

ಕಾಲೇಜಿನ ಶಿಬಿರವೊಂದು ಕೊಳಾಲ ಹೋಬಳಿಯ ಹಳ್ಳಿಯಲ್ಲಿ ನಡೆಯಿತು. ಹಳ್ಳಿಯ ಹೆಸರು ಬೇಡ. ಅಲ್ಲಿ ನಾನು ಇದೇ ವಿಷಯದ ಮೇಲೆ ಭಾಷಣ ಮಾಡಿದೆ. ಮೈಕು ಕೈಗೆ ಬಂದರೆ ನನಗೆ ನನ್ನದಲ್ಲದ ಧೈರ್ಯ ಬರುತ್ತದೆ. “ಕಥೆಯಲ್ಲಿ ಹೇಡಿ ಅಂತ ಯಾರೂ ಹುಟ್ಟುವುದಿಲ್ಲ. ಬರೆದವನು ಅವನ ಮನಸ್ಸಿನೊಳಗೆ ಹೋಗಲಿಲ್ಲ, ಅಷ್ಟೆ” ಎಂದುಬಿಟ್ಟೆ. ಹುಡುಗರು ಚಪ್ಪಾಳೆ ತಟ್ಟಿದರು. ಭಾಷಣ ಮುಗಿದ ಮೇಲೆ ನಲವತ್ತರ ಆಸುಪಾಸಿನ ಒಬ್ಬ ಸಣಕಲು ಮನುಷ್ಯ ನನ್ನ ಹಿಂದೆಯೇ ಬಂದ. ಹೆಸರು ತಿಮ್ಮರಾಜು.

“ಸಾ, ನೀವು ಯೋಳಿದ್ದು ದಿಟವಾ? ಅದು ಬರೆಯೋರ ಕೈಲೈತಾ?”

“ಯಾವುದು?”

“ಹೇಡಿ ಆಗೋದು, ಆಗ್ದೆ ಇರೋದು.”

ಆಮೇಲೆ ತನ್ನ ಕಥೆ ಹೇಳಿದ. ಊರ ಹಿಂದಿನ ಗುಡ್ಡದ ಮೇಲೆ ಪಾಳೆಯಗಾರರ ಕಾಲದ ಒಂದು ಮುರುಕು ಕೋಟೆಯಿದೆ. ಶತ್ರು ಮುತ್ತಿಗೆ ಹಾಕಿದಾಗ ಕಾವಲಿನ ಬಂಟನೊಬ್ಬ ಹೆದರಿ ಬಾಗಿಲ ಅಗುಳಿ ಎಳೆದನಂತೆ, ಕೋಟೆ ಬಿತ್ತಂತೆ. ಯಾವುದೋ ಕಾಲದ ಮೇಷ್ಟ್ರೊಬ್ಬರು ಅದನ್ನು ನಾಟಕ ಮಾಡಿ ಹೋಗಿದ್ದಾರೆ. ಊರವರು ಅದನ್ನು ಪ್ರತಿ ವರ್ಷ ಸುಗ್ಗಿಯಾದ ಮೇಲೆ ಆಡುತ್ತಾರೆ. ತಿಮ್ಮರಾಜುವಿನದು ಆ ಬಂಟನ ವಂಶವೆಂದು ಊರಿನ ನಂಬಿಕೆ. ಮನೆಯ ಹೆಸರೇ ‘ಬಾಗಿಲು ತೆಗೆದೋರ ಮನೆ’. ಬಂಟನ ಪಾತ್ರವನ್ನು ಆ ಮನೆಯವರೇ ಕಟ್ಟಬೇಕು. ಅಗುಳಿ ಎಳೆದು ಹುಲ್ಲಿನ ಬಣವೆಯೊಳಗೆ ನುಗ್ಗುವಾಗ ಹೆಂಗಸರು ಮನೆಯಿಂದ ತಂದ ಮೋಟು ಪೊರಕೆಗಳನ್ನು ಅವನ ಮೇಲೆ ಎಸೆಯುತ್ತಾರೆ.

ಇಷ್ಟಕ್ಕೇ ನಿಂತಿದ್ದರೆ ತಮಾಷೆ. ಆದರೆ ಊರಿನ ಯಾವ ಕೀಲಿಕೈಯನ್ನೂ ಆ ಮನೆಗೆ ಕೊಡುವುದಿಲ್ಲ. ಗುಡಿಯದಾಗಲಿ, ಡೈರಿಯದಾಗಲಿ, ಶಾಲೆಯದಾಗಲಿ. ಆ ವರ್ಷ ವಾಟರ್‌ಮನ್ ಕೆಲಸ ಖಾಲಿಯಾಗಿತ್ತು. ಪಂಪ್‌ಹೌಸಿನ ಕೀಲಿಕೈ ಇಟ್ಟುಕೊಂಡು ಕೇರಿಕೇರಿಗೆ ಹೊತ್ತಿಗೆ ಸರಿಯಾಗಿ ನೀರು ಬಿಡುವ ಕೆಲಸ. ತಿಮ್ಮರಾಜುವಿಗೆ ಮೋಟಾರು, ಪೈಪು ಎಲ್ಲ ಗೊತ್ತು. ಅವನಿಗೆ ಆ ಕೆಲಸ ಬೇಕಿತ್ತು. ಊರು ಒಪ್ಪಿದರೆ ಪಂಚಾಯ್ತಿಯೂ ಒಪ್ಪುತ್ತದೆ.

“ಒಂದ್ ಕಿತ ನಮ್ಮಜ್ಜನ ಮನ್ಸೊಳೀಕೆ ಹೋಗ್ಬನ್ನಿ ಸಾ” ಎಂದ.

ಅಂದು ಬಸ್ಸಿನಲ್ಲಿ ಮಧುಗಿರಿಯವರೆಗೂ ಯೋಚಿಸಿದೆ. ಊರವರು ಸಿಟ್ಟಾದರೆ? ಪ್ರಿನ್ಸಿಪಾಲರಿಗೆ ದೂರು ಹೋದರೆ? ಪೊರಕೆ ನನಗೇ ಬಿದ್ದರೆ? ಕೊನೆಗೆ ನಾಟಕದ ಯಜಮಾನ ಸಿದ್ದಗಂಗಪ್ಪನವರ ಅಪ್ಪಣೆ ಕೇಳಿದೆ. ಅವರು ಪಂಚಾಯ್ತಿಯ ಮಾಜಿ ಸದಸ್ಯರು, ಪ್ರತಿ ವರ್ಷ ಪಾಳೆಯಗಾರನ ಪಾತ್ರ ಮಾಡುವವರು. “ಬರೀರಿ ಬುಡಿ ಸಾ. ನನ್ ಪಾತ್ರದ ಹಾಡು ಮಾತ್ರ ಒಂದೂ ಕಿತ್ತಾಕ್‌ಬ್ಯಾಡಿ” ಎಂದರು.

ಬರೆದೆ. ನನ್ನ ನಾಟಕದಲ್ಲಿ ಕೋಟೆಯೊಳಗಿನ ಕೊಳ ಬತ್ತಿದೆ. ಪಾಳೆಯಗಾರ ಉಳಿದ ನೀರನ್ನು ಅರಮನೆಯಲ್ಲಿ ಬಚ್ಚಿಟ್ಟಿದ್ದಾನೆ. ಕೂಸುಗಳು ಬಾಯಾರಿ ಸಾಯುತ್ತಿವೆ, ಕೆರೆಯಿರುವುದು ಬಾಗಿಲಿನ ಆಚೆ. ಬಂಟ ದೊರೆಯ ಮಾತು ಮೀರಿ, ತನ್ನ ತಲೆ ಹೋಗುತ್ತದೆಂದು ತಿಳಿದೂ ಅಗುಳಿಗೆ ಕೈ ಹಾಕುತ್ತಾನೆ: “ದೊರೆಗೆ ಕೋಟೆ ಬೇಕು, ಮಕ್ಕಳಿಗೆ ನೀರು ಬೇಕು. ಅಗುಳಿ ನನ್ನ ಕೈಯಲ್ಲಿದೆ.” ಬಣವೆಯೊಳಗೆ ನುಗ್ಗುವ ದೃಶ್ಯ ತೆಗೆದುಹಾಕಿದೆ. ಹೇಡಿಯನ್ನು ವೀರನನ್ನಾಗಿ ಮಾಡಲು ನನಗೆ ಎರಡು ಭಾನುವಾರ ಸಾಕಾಯಿತು. ನನ್ನನ್ನೇ ತಿದ್ದಿಕೊಳ್ಳಲು ಐವತ್ತು ವರ್ಷ ಸಾಲದಾಗಿತ್ತು.

ನಾಟಕದ ದಿನ ಹೆಂಡತಿ ತವರಿನಲ್ಲಿದ್ದಳು. ನಾನು ಪೊರಕೆಗೆ ಅಡ್ಡ ಹಿಡಿಯಲು ಒಂದು ಛತ್ರಿ ಒಯ್ದಿದ್ದೆ. ಅದು ಬೇಕಾಗಲಿಲ್ಲ. ತಿಮ್ಮರಾಜು ಅಗುಳಿಯ ಮುಂದೆ ನಿಂತು ಕೈ ಚಾಚಿ, ಕೈ ಹಿಂದೆಗೆದು, ಮತ್ತೆ ಚಾಚುವ ಹೊತ್ತಿಗೆ ಮುಂದಿನ ಸಾಲಿನ ಮುದುಕಿಯೊಬ್ಬಳು ಪೊರಕೆ ಕೆಳಗಿಟ್ಟು ಕೂಗಿದಳು: “ತೆಗ್ದುಬುಡಪ್ಪಾ, ಮಕ್ಳು ಸಾಯ್ತವೆ, ತೆಗಿ!” ಆಮೇಲೆ ಊರಿಗೆ ಊರೇ “ತೆಗಿ, ತೆಗಿ” ಎಂದಿತು. ತಿಮ್ಮರಾಜು ಅಗುಳಿ ಎಳೆದ. ಪಾಳೆಯಗಾರನ ವೇಷದ ಸಿದ್ದಗಂಗಪ್ಪನವರು ಮಾತು ಮರೆತು ಕಣ್ಣೊರೆಸಿಕೊಂಡರು, ಅಂಟಿಸಿದ ಮೀಸೆ ಅರ್ಧ ಕಿತ್ತುಬಂತು. ನಾನೂ ಅತ್ತೆ. ನನ್ನ ವೃತ್ತಿಯಲ್ಲಿ ಸಾಹಿತ್ಯ ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡದ್ದು ಅದೊಂದೇ ಸಲ.

ಬೆಳಿಗ್ಗೆ ಡೈರಿಯ ಜಗಲಿಯಲ್ಲಿ ಊರವರು ಸೇರಿದರು. ಪಂಪ್‌ಹೌಸಿನ ಕೀಲಿಕೈ ಸಿದ್ದಗಂಗಪ್ಪನವರ ಜೇಬಿನಲ್ಲಿತ್ತು. ತಿಮ್ಮರಾಜು ತಲೆ ಬಾಚಿ ಬಂದಿದ್ದ. ಕಿವಿಯ ಹಿಂದೆ ಬಣ್ಣ ಇನ್ನೂ ಹೋಗಿರಲಿಲ್ಲ.

“ಸಾ, ನಾನೂ ಅತ್‌ಬುಟ್ಟೆ. ಏನ್ ಮಾಡಿದ್ನಲ್ಲ ಪಾತ್ರಾನ! ಆದ್ರೆ ಕೀಲಿಕೈ ಕೊಡಾಕಾಗಕಿಲ್ಲ” ಎಂದರು ಸಿದ್ದಗಂಗಪ್ಪನವರು.

“ಯಾಕೆ? ಅವರ ಅಜ್ಜ ಹೇಡಿಯಲ್ಲ ಅಂತ ಇಡೀ ಊರೇ ಒಪ್ಪಿತಲ್ಲ.”

“ಹೇಡಿ ಆಗಿದ್ರೆ ಕೊಡ್‌ಬೋದಿತ್ತು ಸಾ. ಹೇಡೀನ ಗದರಿಸಿ ಇಟ್ಕಬೋದು. ಕಾಲ ಬದಲಾಗೈತೆ, ಈ ವರ್ಷ ಕೊಟ್‌ಬುಡಾನ ಅಂತ್ಲೇ ಮಾತಾಡ್ಕಂಡಿದ್ವಿ. ನೀವ್ ನೋಡಿದ್ರೆ, ಅವ್ನು ಹೆದರ್ಲಿಲ್ಲ, ಮನ್ಸು ಮಾಡೇ ತೆಗ್ದ ಅಂತ ತೋರಿಸ್‌ಬುಟ್ರಿ. ದೊರೆ ಮಾತೇ ಕೇಳ್ದೋನು ನಮ್ ಮಾತು ಕೇಳ್ತಾನಾ? ನಾಳೀಕೆ ಕೆಳಗ್ಲ ಕೇರಿಗೆ ನೀರು ಬುಡಬ್ಯಾಡ ಅಂತೀವಿ. ಮಕ್ಳು ಬಾಯಾರವೆ ಅಂತ ವಾಲ್ವು ತಿರುಗಿಸ್‌ಬುಟ್ರೆ?”

ಕೆಳಗಲ ಕೇರಿಯವರೂ ಅಲ್ಲೇ ನಿಂತಿದ್ದರು. ನಿನ್ನೆ “ತೆಗಿ” ಎಂದು ಕೂಗಿದವರು. ಈಗ ಹಾಲಿನ ಕ್ಯಾನುಗಳ ಕಡೆ ತಿರುಗಿಕೊಂಡರು.

“ಅದು ನಾಟಕ ಸ್ವಾಮಿ” ಎಂದೆ.

“ಅಂಗಾರೆ ನಿಮ್ಮನೆ ಬೀಗದಕೈ ಕೊಟ್ಟೋಗಿ ಸಾ, ಇವ್ನ ತಾವ. ನಾನು ಪಂಪ್‌ಹೌಸಿಂದು ಈಗ್ಲೇ ಕೊಡ್ತೀನಿ.”

ಜನ ನಕ್ಕರು. ತಿಮ್ಮರಾಜು ನನ್ನ ಮುಖ ನೋಡಿದ. ಸರಿಯಾಗಿ ಆ ಕ್ಷಣದಲ್ಲಿ ನನಗೆ ಬಂದದ್ದು ಒಂದೇ ಯೋಚನೆ: ಹೊರಡುವಾಗ ಮಧುಗಿರಿಯ ಮನೆಗೆ ಬೀಗ ಹಾಕಿದೆನೋ ಇಲ್ಲವೋ? ಕೈ ತಾನಾಗಿಯೇ ಜೇಬಿಗೆ ಹೋಯಿತು, ಕೀಲಿಕೈ ಇರುವುದನ್ನು ಮುಟ್ಟಿ ನೋಡಿ ಖಾಲಿಯಾಗಿ ಹೊರಗೆ ಬಂತು. ತಿಮ್ಮರಾಜು ತಲೆ ತಗ್ಗಿಸಿದ.

ಪಂಪ್‌ಹೌಸಿನ ಕೀಲಿಕೈ ಯಾವ ಮಾತಿಗೂ ಎದುರಾಡದ ಒಬ್ಬನ ಕೈಗೆ ಹೋಯಿತು. ನಾಟಕಕ್ಕೆ ಮಾತ್ರ ಎಲ್ಲಿಲ್ಲದ ಹೆಸರು ಬಂತು. ತಾವರೆಕೆರೆ ಕಡೆಯಿಂದ, ಕಳ್ಳಂಬೆಳ್ಳದ ಕಡೆಯಿಂದ ಕರೆಗಳು ಬಂದವು. ಕಳ್ಳಂಬೆಳ್ಳದ ಹತ್ತಿರದ ಪ್ರದರ್ಶನಕ್ಕೆ ನಾನೂ ಹೋಗಿದ್ದೆ. ಬಣ್ಣ ಹಚ್ಚಿಕೊಂಡಿದ್ದ ತಿಮ್ಮರಾಜು ನನ್ನನ್ನು ಪರದೆಯ ಹಿಂದಕ್ಕೆ ಕರೆದ.

“ಸಾ, ಮೇಷ್ಟ್ರು ಬರೆದಿದ್ ಹಳೇ ನಾಟಕದ ಪಾಠ ಐತಾ ನಿಮ್ ತಾವ?”

“ಯಾಕಪ್ಪ? ಜನ ನಿನಗೆ ಕೈ ಮುಗಿಯುತ್ತಾರೆ.”

“ಅದೇ ಸಾ. ಮೊದ್ಲು ಪೊರಕೆ ಎಸೆದೋರೇ ಬೆಳಗಾದ್ರೆ ‘ಬಾರ್ಲಾ, ಪಾಪ ಹೇಡಿ ನನ್ಮಗ’ ಅಂತ ಒಳೀಕೆ ಕರೆದು ಮುದ್ದೆ ಇಕ್ಕೋರು. ಈಗ ಬಾಗ್ಲಾಗೆ ನಿಂತು ಕೈ ಮುಗೀತಾರೆ. ಒಳೀಕೆ ಕರೆಯಲ್ಲ.”

ಹಳೆಯ ಪಾಠ ನನ್ನಲ್ಲಿತ್ತು, ಕೊಟ್ಟೆ. ಸಿದ್ದಗಂಗಪ್ಪನವರು ಒಪ್ಪಲಿಲ್ಲ. “ಹೊಸದೇ ಇರ್ಲಿ ಬುಡಿ, ಜನ ಚೆನ್ನಾಗ್ ಅಳ್ತಾರೆ” ಎಂದರು. ತಿಮ್ಮರಾಜು ಈಗಲೂ ಪ್ರತಿ ವರ್ಷ ಊರು ಹೇಳಿದಾಗ ಅಗುಳಿ ಎಳೆಯುತ್ತಾನೆ. ಅದೊಂದೇ ಬಾಗಿಲು ಅವನ ಕೈಗೆ ಸಿಗುವುದು.

ಹೇಡಿಯೊಳಗಿನ ವೀರನನ್ನು ಸಾಹಿತ್ಯ ತೋರಿಸಬಲ್ಲದು. ಆ ವೀರನ ಪಕ್ಕದ ಮನೆಯಲ್ಲಿ ಬದುಕುವಷ್ಟು ಧೈರ್ಯವನ್ನು ನೋಡುವವರಿಗೆ ಕೊಡಲಾರದು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ಈ ಮಾತನ್ನು ತರಗತಿಯಲ್ಲಿ ಇನ್ನೂ ಹೇಳಿಲ್ಲ. ಪರೀಕ್ಷೆಗೆ ಬರುವುದಿಲ್ಲವಲ್ಲ ಎಂಬ ನೆಪವಿದೆ.