ಮುತ್ತೈದೆಯರ ಚಿತ್ರದ ಪೊಟ್ಟಣ

ಪೊಟ್ಟಣದ ಮೇಲಿನ ಚಿತ್ರದಲ್ಲಿ ಐದು ಜನ ಮುತ್ತೈದೆಯರಿದ್ದರು. ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ. ನಡುವೆ ಪರಾತ ಎನ್ನುವ ಅಗಲದ ತಟ್ಟೆ ಇಟ್ಟುಕೊಂಡು ಸುತ್ತಲೂ ಕೂತು ಗವಲಿ ಹೊಸೆಯುತ್ತಿದ್ದರು. ಕೆಳಗೆ ಕೆಂಪಕ್ಷರದಲ್ಲಿ ನಾನು ಕೆಲಸಕ್ಕಿದ್ದ ಹುಬ್ಬಳ್ಳಿಯ ಅಂಗಡಿಯ ಹೆಸರು, ಅದರಡಿಯಲ್ಲಿ ‘ನಮ್ಮಲ್ಲಿಯೇ ಸುಮಂಗಲೆಯರ ಕೈಯಿಂದ ತಯಾರಾದದ್ದು’ ಎಂಬ ಮಾತು. ಚಿತ್ರವೇನೋ ಚೆನ್ನಾಗಿತ್ತು. ಆದರೆ ಆ ಐವರಲ್ಲಿ ಒಬ್ಬಳನ್ನೂ ನಾನು ಅಲ್ಲಿದ್ದಷ್ಟು ವರ್ಷ ಕಣ್ಣಿಂದ ಕಾಣಲಿಲ್ಲ. ಒಳಗಿನ ಮಾಲು ಮಾಡುತ್ತಿದ್ದವರು ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಕೂತಿರುತ್ತಿದ್ದ ನಾವು ನಾಲ್ವರು. ನಾಲ್ವರೂ ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟ ವಿಧವೆಯರು.

ಗವಲಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸಣ್ಣ ರವೆಯನ್ನು ಹಾಲಿನಲ್ಲಿ ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟು, ಆಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಚಿಟಿಕೆ ಚಿಟಿಕೆಯಾಗಿ ತಿರುವಿ ಅಕ್ಕಿಕಾಳಿನಷ್ಟು ಸಣ್ಣಗೆ ಉದುರಿಸಿ ಒಣಗಿಸುವುದು. ಅದರ ಪಾಯಸವಿಲ್ಲದೆ ನಮ್ಮ ಕಡೆ ಮದುವೆಯ ಊಟವೇ ಇಲ್ಲ. ಮದುವೆಗೆ ಮೊದಲು ಒಳ್ಳೆಯ ದಿನ ನೋಡಿ, ಐದು ಜನ ಮುತ್ತೈದೆಯರನ್ನು ಕರೆದು, ಅರಿಷಿಣ ಕುಂಕುಮ ಕೊಟ್ಟು ಅವರ ಕೈಯಿಂದಲೇ ಹೊಸೆಸಬೇಕು. ವಿಧವೆಯ ಕೈ ಅದಕ್ಕೆ ಸೋಕಬಾರದು. ಅವಳು ಎದುರಿಗೂ ಸುಳಿಯಬಾರದು. ಆದರೆ ಕಚೇರಿ, ನೌಕರಿ ಎಂದು ಜನ ಬಾಡಿಗೆಯ ಸಣ್ಣ ಮನೆಗಳಿಗೆ ಬಂದ ಮೇಲೆ ಐದು ಜನರನ್ನು ದಿನಗಟ್ಟಲೆ ಕೂರಿಸಿಕೊಳ್ಳುವುದು ಯಾರಿಗೂ ಆಗದಾಯಿತು. ನಮ್ಮ ಅಂಗಡಿಯ ಸಾಹುಕಾರರಿಗೆ ಹೊಳೆದದ್ದು ಇಲ್ಲಿಯೇ. ಮುತ್ತೈದೆಯರನ್ನು ಕರೆಯುವ ತಾಪತ್ರಯ ಬೇಡ, ಪೊಟ್ಟಣ ಒಯ್ಯಿರಿ ಎಂದರು.

ಹಾಗಾದರೆ ನಿಜವಾದ ಮುತ್ತೈದೆಯರನ್ನೇ ಯಾಕೆ ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ ಎಂದು ಕೇಳಬಹುದು. ಎಲ್ಲಿಂದ ತರಬೇಕಿತ್ತು ಸಾಹುಕಾರರು? ಯಾವ ಗಂಡ ತಾನೆ ಹೆಂಡತಿಯನ್ನು ವ್ಯಾಪಾರಿಯ ಹಿತ್ತಲಲ್ಲಿ ದಿನವಿಡೀ ಕೂರಲು ಕಳಿಸಿಯಾನು? ಗಂಡ, ಮಕ್ಕಳು, ಅತ್ತೆ, ಒಲೆ ಇದ್ದವಳಿಗೆ ಪುರುಸೊತ್ತು ಎಲ್ಲಿಯದು? ಕಣ್ಣಿಗೆ ಬೀಳದಿದ್ದರೆ ಸಾಕು ಎಂದು ಮನೆಯವರೇ ಅಂದುಕೊಂಡ ನಮ್ಮಂಥವರಿಗೆ ಮಾತ್ರ ಹೊತ್ತಿತ್ತು. ಸಾಹುಕಾರರು ಕೆಟ್ಟ ಮನುಷ್ಯರಲ್ಲ. ನಮಗೆ ಬೇರೆ ಅಡಿಗೆಮನೆ, ಬೇರೆ ನೀರು ಮಾಡಿಕೊಟ್ಟಿದ್ದರು. ಕೇಳಿಕೊಂಡದ್ದು ಒಂದೇ.

“ಗಿರಾಕಿ ಚಿತ್ರಾ ನೋಡಿ ಒಯ್ತಾರ, ತಾಯಾರ. ನೀವು ಮುಂದಿನ ಬಾಗಲಕ್ಕ ಒಂದ್ ಬರಬ್ಯಾಡ್ರಿ. ಉಳಿದದ್ದು ನಾ ನೋಡ್ಕೋತೇನಿ.”

ನಾವು ಹೋಗಲಿಲ್ಲ. ಗೋಡೆಯ ಆಚೆ ಗಿರಾಕಿಗಳ ಮಾತು, ತಕ್ಕಡಿಯ ಸದ್ದು. ಈಚೆ ನಮ್ಮ ನಾಲ್ವರ ಉಸಿರು. ನಾಲ್ಕು ಜನ ಒಂದೆಡೆ ಕೂತರೆ ಹರಟೆ ಇರಬೇಕಲ್ಲ, ನಮ್ಮಲ್ಲಿ ಅದೂ ಇರಲಿಲ್ಲ. ಹೇಳಿಕೊಂಡರೆ ನಾಲ್ವರದೂ ಒಂದೇ ಕತೆ. ಅದನ್ನು ಇನ್ನೊಬ್ಬರ ಬಾಯಿಂದ ಕೇಳಲು ಯಾರಿಗೂ ಬೇಕಿರಲಿಲ್ಲ. ಹಬ್ಬದ ದಿನಗಳಲ್ಲಿ ಬಹಳ ಬೇಸರವಾಗುತ್ತಿತ್ತು. ಆ ದಿನ ಕೆಲಸವೂ ಇರುತ್ತಿರಲಿಲ್ಲ.

ಧಾರವಾಡದಲ್ಲಿ ನನ್ನ ಅಣ್ಣನ ಮನೆಯಿತ್ತು. ಗಂಡ ಸತ್ತ ಮೇಲೆ ಎಂಟೊಂಬತ್ತು ವರ್ಷ ನಾನು ಅಲ್ಲಿಯೇ ಇದ್ದೆ. ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿ, ಮೊದಲ ಹೆರಿಗೆಯಲ್ಲಿ ಹಾಸಿಗೆ ಹಿಡಿದಾಗ ಆ ಹೆಣ್ಣುಕೂಸನ್ನು ಎತ್ತಿಕೊಂಡವಳು ನಾನು. ಎಣ್ಣೆ ನೀರು ಹಾಕಿದೆ, ತೊದಲು ಮಾತು ಕಲಿಸಿದೆ, ಜ್ವರ ಬಂದಾಗ ಮಡಿಲಲ್ಲಿ ಹಾಕಿಕೊಂಡು ಕೂತೆ. ಮುಂದೆ ಇನ್ನೂ ಮಕ್ಕಳಾಗಿ ಮನೆ ಇಕ್ಕಟ್ಟಾಯಿತು. ನಾನು ಹುಬ್ಬಳ್ಳಿಗೆ ಹೋದೆ. ಸಾಹುಕಾರರ ಮುದಿ ತಾಯಿಗೆ ಅಡಿಗೆ ಮಾಡಿಕೊಂಡಿದ್ದಾಳೆ ಎಂದು ಅಣ್ಣ ಎಲ್ಲರಿಗೂ ಹೇಳಿದ. ಅವನು ತಿಳಿದದ್ದೂ ಅಷ್ಟೇ. ನಾನೂ ತಿದ್ದಲಿಲ್ಲ.

ಆ ಹುಡುಗಿಗೆ ಮದುವೆ ಗೊತ್ತಾಯಿತು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲಿನ ಮಾತು. ನಾನು ರೈಲು ಹತ್ತಿ ಧಾರವಾಡಕ್ಕೆ ಹೋದೆ. ನಾಚಿಕೆ ಬಿಟ್ಟು ವೈನಿಯನ್ನು ಕೇಳಿದೆ, ಗವಲಿ ನಾನು ಮಾಡಿಕೊಡಲೇ, ಯಾರ ಕಣ್ಣಿಗೂ ಬೀಳದ ಹಾಗೆ ಹಿತ್ತಲಲ್ಲಿ ಕೂತು ಮಾಡುತ್ತೇನೆ ಎಂದು. ವೈನಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಜಗಳವಾದರೂ ಆಡಬಹುದಿತ್ತು.

“ನಿನಗ ಗೊತ್ತಿಲ್ಲದ್ದೇನವ್ವಾ? ಹುಡಿಗಿ ಬಾಳಿನ ಮಾತದು,” ಎಂದರು. “ನೀ ಉಪ್ಪಿನಕಾಯಿ ನೋಡ್ಕೋ. ನಿನ್ನ ಕೈ ಉಪ್ಪಿನಕಾಯಿ ಅಂದ್ರ ಎಲ್ಲಾರಿಗೂ ಸೇರತದ.”

ಉಪ್ಪಿನಕಾಯಿಗೆ ವಿಧವೆ ಆಗುತ್ತಾಳೆ. ಹುಳಿ, ಖಾರ, ಉಪ್ಪು ಎಲ್ಲ ಅವಳಿಗೆ. ಸಿಹಿ ಮಾತ್ರ ಬೇಡ. ನಾನು ಮಾವಿನಕಾಯಿ ಹೆಚ್ಚುತ್ತ ಕೂತೆ.

ಐದು ಜನ ಮುತ್ತೈದೆಯರು ಬಂದ ದಿನ ನನ್ನನ್ನು ಬಚ್ಚಲ ಪಕ್ಕದ ಕೋಣೆಯಲ್ಲಿ ಇರಲು ಹೇಳಿದರು. ಪಡಸಾಲೆಯಿಂದ ಹಾಡು ಕೇಳಿಸಿತು, ನಗು ಕೇಳಿಸಿತು, ಬಳೆಗಳ ಸದ್ದು ಕೇಳಿಸಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ತಣ್ಣಗಾಯಿತು. ಐವರೂ ಅರಿಷಿಣ ಕುಂಕುಮ ತೆಗೆದುಕೊಂಡು ಎದ್ದು ಹೋಗಿದ್ದರು. ಪರಾತದಲ್ಲಿ ಶಾಸ್ತ್ರಕ್ಕೆ ಸಾಕಾಗುವಷ್ಟೇ ಗವಲಿ ಬಿದ್ದಿತ್ತು, ಅದೂ ಕಡಲೆ ಗಾತ್ರದ್ದು. ವೈನಿ ಅಣ್ಣನಿಗೆ ಹೇಳುವುದು ನನಗೆ ಕೇಳಿಸಿತು.

“ಹುಬ್ಬಳ್ಳಿಯಿಂದ ಆ ಚಿತ್ರದ ಪೊಟ್ಟಣಾ ತಂದುಬಿಡ್ರಿ. ಹೆಂಗೂ ಮುತ್ತೈದಿಯರ ಕೈಲೆ ಮಾಡಿಸಿದ್ದಿರತದ. ಎಲ್ಲಾರೂ ಅದನ್ನ ತರಲಿಕ್ಕತ್ತಾರ.”

ಅಣ್ಣ ತಂದ. ವೈನಿ ಅವನ್ನು ಬಿಚ್ಚಿ, ಹಿತ್ತಲ ಬಿಸಿಲಿಗೆ ಒಂದು ಬಿಳಿ ಪಂಚೆ ಹಾಸಿ ಹರವಿದರು. ನನಗೆ ಎಷ್ಟು ದೂರ ನಿಲ್ಲಬೇಕೆಂದು ಗೊತ್ತಿತ್ತು. ಅಲ್ಲಿಂದಲೇ ನೋಡಿದೆ. ನನ್ನ ಹೆಬ್ಬೆರಳಿನ ಉಗುರು ಹಿಂದೊಮ್ಮೆ ಸೀಳಿ ಹಾಗೆಯೇ ಬೆಳೆದಿತ್ತು. ನಾನು ತಿರುವಿದ ಪ್ರತಿ ಗವಲಿಯ ತುದಿಯಲ್ಲಿ ಅದರ ಒಂದು ಸಣ್ಣ ಗೀರು ಬೀಳುತ್ತಿತ್ತು. ಗಾಳಿಗೆ ಉರುಳಿ ನನ್ನ ಕಾಲ ಬಳಿ ಬಂದ ಒಂದೆರಡು ಕಾಳಿನಲ್ಲಿ ಆ ಗೀರಿತ್ತು. ಮೊದಲು ನಗು ಬಂತು, ಬಾಯಿಗೆ ಸೆರಗು ಅಡ್ಡ ಹಿಡಿದೆ. ಆಮೇಲೆ ಒಳಗೆ ಹೋಗಿ ಅತ್ತೆ.

ಮದುವೆಯ ದಿನ ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಪಾಯಸವನ್ನು ಜನ ಮತ್ತೆ ಮತ್ತೆ ಹಾಕಿಸಿಕೊಂಡರು. ಬೀಗರ ಕಡೆಯ ಹಿರಿಯರೊಬ್ಬರು ಇಂಥ ಗವಲಿ ಈಗ ಎಲ್ಲಿ ಸಿಗುತ್ತವೆ ಎಂದರಂತೆ. ನಾನು ಬಚ್ಚಲ ಪಕ್ಕದ ಅದೇ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದೆ. ಮಂತ್ರ, ವಾಲಗ, ಅಕ್ಷತೆ ಎರಚಿದಾಗಿನ ಗದ್ದಲ ಎಲ್ಲ ಕಿವಿಗೆ ಮಾತ್ರ ಬಂದವು. ನನ್ನ ಕೂಸಿನ ಮದುವೆಯಲ್ಲಿ ನನ್ನ ಕೈಯದೂ ಒಂದಿದೆ ಎಂಬ ಖುಷಿಯೇನೋ ಇತ್ತು. ಆದರೆ ಅದು ಗೊತ್ತಿದ್ದ ಜೀವ ನಾನೊಬ್ಬಳೇ. ಲೋಕಕ್ಕೆಲ್ಲ ತಿಳಿಯುವುದು ಬೇಕಿರಲಿಲ್ಲ. ಒಬ್ಬಳಿಗೆ ತಿಳಿದರೆ ಸಾಕು, ಅವಳಿಗೆ ತಿಳಿದರೆ ಸಾಕು ಅನಿಸಿತು. ಅಷ್ಟು ಆಸೆ ನನಗೆ ಯಾವುದಕ್ಕೂ ಆಗಿರಲಿಲ್ಲ.

ಸಂಜೆ ಅವಳೇ ಬಂದಳು. ಎಲ್ಲರ ಕಣ್ಣು ತಪ್ಪಿಸಿ, ಸೆರಗಿನ ಮರೆಯಲ್ಲಿ ಒಂದು ಬಟ್ಟಲು ಹಿಡಿದುಕೊಂಡು ಬಂದು ಹೊಸ್ತಿಲ ಮೇಲೆ ಕೂತಳು.

“ಪಾಯಸಾ ತಂದೀನಿ, ಅತ್ಯಾ.”

“ನಂದು ಒಪ್ಪತ್ತು. ಊಟಾ ಆಗೇದ. ನೀ ತಿನ್ನು, ನಾ ನೋಡ್ತೀನಿ.”

ಅವಳು ತಿನ್ನತೊಡಗಿದಳು. ಕೈಯಲ್ಲಿ ಹೊಸ ಬಳೆ, ಹಣೆಯಲ್ಲಿ ಬಾಸಿಂಗದ ಗುರುತು. ಮಿಶನ್ ಸಾಲೆಯಲ್ಲಿ ಓದಿದ ಹುಡುಗಿ, ಮಾತು ನೇರ.

“ಇದು ಛಲೋನ ಅದ. ಆದ್ರ ನೀ ಮಾಡಿದ್ದು ತಿನ್ನಬೇಕಂತ ನನ್ನ ಆಸೆ ಇತ್ತು. ಅವ್ವನ ಮುಂದ ಹೇಳಿದೆ, ಯಾರು ಕೇಳ್ತಾರ? ನನಗ ಈ ಮುತ್ತೈದಿ ಗಿತ್ತೈದಿ ಶಾಸ್ತ್ರದಾಗ ಖರೇನ ನಂಬಿಗಿ ಇಲ್ಲ, ಅತ್ಯಾ.”

ನಾನು ಹೇಳಿಯೇಬಿಟ್ಟೆ.

“ನೀ ತಿನ್ನಲಿಕ್ಕತ್ತೀಯಲ್ಲ, ಅದನ್ನ ನಾನ ಹೊಸದೀನಿ, ತಂಗಿ. ಆ ಅಂಗಡ್ಯಾಗ ಮುತ್ತೈದಿಯರು ಯಾರೂ ಇಲ್ಲ. ನಾವ ನಾಲ್ಕು ಮಂದಿ ಮಾಡ್ತೀವಿ. ಎಲ್ಲಾರೂ ನನ್ನಂಥಾವರ.”

ಅವಳ ಕೈ ಬಟ್ಟಲಲ್ಲೇ ನಿಂತಿತು. ಬಟ್ಟಲು ನೋಡಿದಳು, ನನ್ನ ತಲೆ ನೋಡಿದಳು, ತನ್ನ ಬಳೆಗಳನ್ನು ನೋಡಿಕೊಂಡಳು. ಬಟ್ಟಲನ್ನು ಮೆಲ್ಲಗೆ ನೆಲಕ್ಕಿಟ್ಟಳು.

“ಅವರೂ ತಿಂದಾರ,” ಎಂದಳು. ಗಂಡನ ಬಗ್ಗೆ ಹೇಳಿದ್ದು. ದನಿ ಸಣ್ಣದಾಗಿತ್ತು. “ಎರಡ ಸಲ ಹಾಕಿಸಿಕೊಂಡ್ರು.”

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮದುವೆಯಾಗಿ ಒಂದು ದಿನವೂ ಆಗಿರದ ಹುಡುಗಿ ಅದು. ಇನ್ನು ಮುಂದೆ ಅವನಿಗೊಂದು ಕೆಮ್ಮು ಬಂದರೂ ಇವಳಿಗೆ ನನ್ನ ಬೋಳು ತಲೆ ನೆನಪಾಗುತ್ತದೆ ಎಂದು ಆ ಮುಖ ನೋಡಿದಾಗ ತಿಳಿಯಿತು.

“ಚ್ಯಾಷ್ಟಿ ಮಾಡಿದೆ, ಹುಚ್ಚಿ,” ಎಂದೆ. “ನನಗೆಲ್ಲಿ ಇಷ್ಟು ಸಣ್ಣ ಬರತಾವ?”

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ತಡೆಹಿಡಿದ ಉಸಿರು ಬಿಟ್ಟು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಹಿಂಗೇನು ಚ್ಯಾಷ್ಟಿ ಮಾಡ್ತಾರ, ಅತ್ಯಾ? ನನ್ನ ಜೀವಾನ ಹೋಗಿತ್ತು.”

ನಾನೂ ನಕ್ಕೆ. ಅವಳು ಬಟ್ಟಲನ್ನು ಮತ್ತೆ ಕೈಗೆ ತೆಗೆದುಕೊಂಡು, ತಳದಲ್ಲಿ ಉಳಿದದ್ದನ್ನು ಬೆರಳಿನಿಂದ ಬಳಿದು ಎಲ್ಲ ತಿಂದಳು.